ಮುಂಜಾನೆ ತಂಪು, ಮಧ್ಯಾಹ್ನ ಬೆವರು: ಹಳೆ ಕಾರಿನ ಎಸಿ ಯಾಕ ಕೈಕೊಡ್ತದ?

 

ಇವತ್ತಿನ ಮಾತು ನಮ್ಮಪ್ಪನ ಕಾರಿನದು. 1998ರ ಮಾರುತಿ 800, ಎಸಿ ಮಾಡೆಲ್. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಈ ಕಾರಿನ ತಯಾರಿಕೆ 2014ಕ್ಕೆ ನಿಂತೇ ಹೋಯ್ತು. ಆದರೆ ಆಳಂದದಲ್ಲಿ ನಮ್ಮ ಮನೆ ಮುಂದೆ ಅದು ಇನ್ನೂ ನಿಂತದ. ಮಾರಿಬಿಡೋಣ ಅಂದ್ರೆ ಅಪ್ಪ ಮಾತೇ ಆಡಲ್ಲ.

ಹೋದ ಮೇ ತಿಂಗಳು. ನಮ್ಮ ಭಾಗದ ಮೇ ಅಂದ್ರೆ ನಿಮಗೆ ಹೇಳಬೇಕಾಗಿಲ್ಲ. ಸರ್ಕಾರಿ ಕಚೇರಿಗಳೇ ಮುಂಜಾನೆ 8ಕ್ಕೆ ತೆಗೆದು ಮಧ್ಯಾಹ್ನ 1:30ಕ್ಕೆ ಮುಚ್ಚೋ ಕಾಲ. ಅವ್ವನ್ನ ಕರ್ಕೊಂಡು ಮುಂಜಾನೆ ಆಳಂದ ಬಿಟ್ವಿ. ಅಫಜಲಪುರದಲ್ಲಿ ಒಂದು ಕಾರ್ಯಕ್ರಮ ಮುಗಿಸಿ, ಜೇವರ್ಗಿಗೆ ಅಕ್ಕನ ಮನೆಗೆ ಹೋಗಬೇಕಿತ್ತು. ಅಫಜಲಪುರದ ತನಕ ಎಸಿ ಫಸ್ಟ್ ಕ್ಲಾಸ್. ಊಟ ಮುಗಿಸಿ ಹೊರಟು ಅರ್ಧ ತಾಸು ಆಗಿರಬೇಕು, ಬಿಸಿ ಗಾಳಿ ಶುರುವಾಯ್ತು. ಕಿಟಕಿ ಇಳಿಸಿದ್ರೆ ಬೆಂಕಿ, ಏರಿಸಿದ್ರೆ ಉಸಿರು ಕಟ್ಟೋದು. ಅವ್ವನಿಗೆ ಬಿಪಿ ಅದ. ಜೇವರ್ಗಿ ಮುಟ್ಟೋ ಹೊತ್ತಿಗೆ ತಲೆ ತಿರುಗಿ ಸೀಟಿಗೆ ಒರಗಿಬಿಟ್ಟಿದ್ರು. ನೆರಳಿಗೆ ಮಲಗಿಸಿ, ನೀರು ಕುಡಿಸಿ, ದವಾಖಾನೆಗೆ ತೋರಿಸಿದ ಮೇಲೆ ಸುಧಾರಿಸಿದ್ರು. ಆದರೆ ಆ ಅರ್ಧ ತಾಸು ನಾನು ಮರೆಯಲ್ಲ.

ಮರುದಿನ ಮುಂಜಾನೆ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿ ಎಸಿ ಚೆನ್ನಾಗೇ ನಡೀತು! ಆದರೂ ‘ಗ್ಯಾಸ್ ಕಡಿಮೆ ಅದ’ ಅಂತ ತುಂಬಿಸಿ 1,800 ರೂಪಾಯಿ ತಗೊಂಡ್ರು. ವಾರದೊಳಗೆ ಮಧ್ಯಾಹ್ನ ಮತ್ತದೇ ಕಥಿ. ಎರಡನೇ ಸಲ ಹೋದ್ರೆ, ‘ಕಂಪ್ರೆಸರ್ ಹೋಗ್ಯಾದ, 14,000 ಆಗ್ತದ’ ಅಂದ್ರು. ನಾನು ಬಿಕಾಂ ಓದಿದವನು. ಲೆಕ್ಕ ತಾಳೆ ಆಗಲಿಲ್ಲ ಅಂತ ಯಾರೂ ಇಡೀ ಲೆಡ್ಜರ್ ಹರಿದು ಹಾಕಲ್ಲ, ಎಂಟ್ರಿ ಎಲ್ಲಿ ತಪ್ಪಿದೆ ಅಂತ ಹುಡುಕ್ತಾರೆ. ‘ಯೋಚಿಸ್ತೀನಿ’ ಅಂತ ಹೇಳಿ ಬಂದೆ.

ಆಮೇಲೆ ಗೆಳೆಯನೊಬ್ಬ ಹಳೇ ಉಸ್ತಾದರ ಹತ್ರ ಕಳಿಸಿದ. ಅವರು ಬಾನೆಟ್ ಎತ್ತಲೇ ಇಲ್ಲ. ಮೊದಲು ಕೇಳಿದ್ದು: ‘ತಮ್ಮಾ, ಯಾವ ಹೊತ್ತಿಗೆ ಬಂದ್ ಆಗ್ತದ?’ ಮಧ್ಯಾಹ್ನ ಅಂದೆ. ‘ಹಂಗಾದ್ರ ಮಧ್ಯಾಹ್ನ ಬಾ. ರೋಗ ಇರೋ ಹೊತ್ತಿಗೇ ನಾಡಿ ಹಿಡೀಬೇಕು.’

ಮೂರು ಗಂಟೆಗೆ ಹೋದೆ. ದಾರಿಯಲ್ಲೇ ಎಸಿ ನಿಂತಿತ್ತು. ಈಗ ಅವರು ಮಾಡಿದ್ದನ್ನ ಹೇಳ್ತೀನಿ, ಕೇಳ್ರಿ.

ಮೊದಲು ಒಂದು ಮಾತು ತಿಳ್ಕೋಬೇಕು. ಎಂಜಿನ್ ನಡೀತಿರುವಾಗ ಬೆಲ್ಟು ಕಂಪ್ರೆಸರ್‌ನ ಪುಲ್ಲಿಯನ್ನ ಸದಾ ತಿರುಗಿಸ್ತಾ ಇರ್ತದ. ಆದರೆ ಕಂಪ್ರೆಸರ್ ಒಳಗೆ ಕೆಲಸ ಶುರುವಾಗೋದು ಪುಲ್ಲಿ ಮುಂದಿರೋ ಕ್ಲಚ್ ಪ್ಲೇಟ್ ಅದಕ್ಕೆ ಅಂಟಿಕೊಂಡಾಗ. ಅಂಟಿಸೋದು ಪುಲ್ಲಿ ಹಿಂದೆ ಇರೋ ತಾಮ್ರದ ಕಾಯಿಲ್. 12 ವೋಲ್ಟ್ ಕರೆಂಟ್ ಬಂದ್ರೆ ಅದು ಅಯಸ್ಕಾಂತ ಆಗ್ತದ, ‘ಟಕ್’ ಅಂತ ಸಪ್ಪಳ ಬರ್ತದ. ಬ್ಲೋವರ್ ಮತ್ತು ಎಸಿ ಆನ್ ಮಾಡಿ, ದೂರದಿಂದ ನೋಡ್ರಿ. ಪುಲ್ಲಿ ತಿರುಗಿ, ಮುಂದಿನ ಪ್ಲೇಟ್ ಸುಮ್ನೆ ನಿಂತಿದ್ರೆ ಕ್ಲಚ್ ಹತ್ತಿಲ್ಲ ಅಂತ ಅರ್ಥ. ಕಂಪ್ರೆಸರ್ ಸತ್ತಿದೆ ಅಂತ ಅಲ್ಲ.

ಮುಂದಿನ ಪ್ರಶ್ನೆ ಒಂದೇ: ಕ್ಲಚ್‌ಗೆ ಕರೆಂಟ್ ಬರ್ತಾ ಅದ ಇಲ್ಲ? ವೈರ್ ಕಳಚದೆ ಮಲ್ಟಿಮೀಟರ್ ಹಿಡಿದು ನೋಡಬೇಕು.

ಬರ್ತಾ ಇಲ್ಲ ಅಂದ್ರೆ ಹಿಂದಕ್ಕೆ ಹೋಗಬೇಕು. ಫ್ಯೂಸ್, ರಿಲೇ, ಕೂಲಿಂಗ್ ಕಾಯಿಲ್ ಹತ್ರ ಇರೋ ಥರ್ಮೋಸ್ಟಾಟ್, ಆಮೇಲೆ ಪ್ರೆಶರ್ ಸ್ವಿಚ್. ಗ್ಯಾಸ್ ತೀರಾ ಕಡಿಮೆ ಆದ್ರೆ ಈ ಸ್ವಿಚ್ ತಾನೇ ಕರೆಂಟ್ ಕತ್ತರಿಸ್ತದ. ಕಾರಣ, ಕಂಪ್ರೆಸರ್‌ಗೆ ಬೇಕಾದ ಆಯಿಲ್ ಗ್ಯಾಸಿನ ಜೊತೆಗೇ ಓಡಾಡ್ತದ. ಗ್ಯಾಸ್ ಇಲ್ಲ ಅಂದ್ರೆ ಆಯಿಲ್ ಇಲ್ಲ, ಕಂಪ್ರೆಸರ್ ಜಾಮ್. ಅದಕ್ಕೇ ಆ ಸ್ವಿಚ್ಚಿಗೆ ವೈರ್ ಸುತ್ತಿ ‘ಡೈರೆಕ್ಟ್’ ಮಾಡಿಸಬ್ಯಾಡ್ರಿ. ಇವತ್ತು ತಂಪು ಬರಬಹುದು, ನಾಳೆ ಆ 14,000 ನಿಜವಾಗ್ಲೂ ಕೊಡಬೇಕಾಗ್ತದ.

ಗೇಜ್ ಹಚ್ಚಿಸಿಯೂ ನೋಡಬಹುದು. 134ಎ ಗ್ಯಾಸ್ ಇರೋ ಗಾಡಿ ಆಫ್ ಆಗಿ ತಣ್ಣಗಾದ ಮೇಲೆ, ಹೊರಗೆ 40 ಡಿಗ್ರಿ ಇದ್ರೆ ಸುಮಾರು 130 ಪಿಎಸ್‌ಐ ತೋರಿಸ್ತದ. 40, 50 ತೋರಿಸಿದ್ರೆ ಎಲ್ಲೋ ಲೀಕ್ ಅದ. ಆದರೆ 130 ಇದ್ರೆ ಗ್ಯಾಸ್ ಪೂರ್ತಿ ಅದ ಅಂತಲ್ಲ, ಖಾಲಿ ಆಗಿಲ್ಲ ಅಂತ ಅಷ್ಟೇ. ಲೀಕ್ ಇದ್ರೆ ಮೊದಲು ಅದನ್ನ ಮುಚ್ಚಿಸಿ, ವ್ಯಾಕ್ಯೂಮ್ ಹೊಡೆಸಿ, ಆಮೇಲೆ ತೂಕ ಮಾಡಿ ಗ್ಯಾಸ್ ತುಂಬಿಸ್ರಿ.

ಇನ್ನೊಂದು. 90ರ ದಶಕದ ಆರಂಭದ ಕಾರುಗಳಲ್ಲಿ ಆರ್-12 ಗ್ಯಾಸ್ ಇತ್ತು. ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಅದನ್ನ ಕಡಿಮೆ ಮಾಡೋ ನಿರ್ಧಾರ ಆಯ್ತು. 2010ಕ್ಕೆ ನಮ್ಮ ದೇಶದಲ್ಲೂ ಅದರ ಕಾಲ ಮುಗೀತು. 134ಎಗೆ ಬದಲಾಯಿಸುವಾಗ ಆಯಿಲ್ ಕೂಡ ಬದಲಾಗಬೇಕು. ಬರೀ ಗ್ಯಾಸ್ ತುಂಬಿಸಿದ್ರೆ ನಡೆಯಲ್ಲ.

ನಮ್ಮ ಗಾಡಿಗೆ ಬರೋಣ. ಎಸಿ ನಿಂತಿತ್ತು, ಆದರೆ ಮೀಟರ್ 13 ವೋಲ್ಟ್ ತೋರಿಸ್ತು. ಕರೆಂಟ್ ಮುಟ್ಟೇ ಇದೆ, ಅರ್ಥಿಂಗೂ ಸರಿ ಇದೆ. ಅಂದ್ರೆ ತಪ್ಪು ಕ್ಲಚ್‌ನಲ್ಲೇ. ಉಸ್ತಾದ್ ಎಂಜಿನ್ ಆರಿಸಿ, ಫಿಲ್ಲರ್ ಗೇಜ್ ತೂರಿಸಿ ಪ್ಲೇಟಿಗೂ ಪುಲ್ಲಿಗೂ ನಡುವಿನ ಸಂದು ಅಳೆದ್ರು. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ಇರಬೇಕು. ನಮ್ಮದು ಒಂದು ಮಿಲಿಮೀಟರ್! ಇಷ್ಟು ವರ್ಷ ತಿಕ್ಕಿ ತಿಕ್ಕಿ ಸವೆದದ.

ಮುಂಜಾನೆ ಯಾಕ ನಡೀತಿತ್ತು ಅಂದ್ರಾ? ತಾಮ್ರ ಬಿಸಿಯಾದಷ್ಟು ಅದರಲ್ಲಿ ಕರೆಂಟ್ ಕಡಿಮೆ ಹರಿತದ. 30 ಡಿಗ್ರಿಯಿಂದ 100 ಡಿಗ್ರಿಗೆ ಹೋದ್ರೆ ತಂತಿಯ ಪ್ರತಿರೋಧ ಸುಮಾರು ಕಾಲು ಭಾಗ ಏರ್ತದ. ಅದರಿಂದ ಅಯಸ್ಕಾಂತ ಸೋಲ್ತದ. ಮುಂಜಾನೆ ತಣ್ಣಗಿದ್ದಾಗ ದೊಡ್ಡ ಸಂದನ್ನೂ ದಾಟಿ ಎಳೀತಿತ್ತು, ಮಧ್ಯಾಹ್ನ ಆಗ್ತಿರಲಿಲ್ಲ. ಮುಂಜಾನೆ ನೋಡಿದವರಿಗೆ ತಪ್ಪು ಸಿಗಲಿಲ್ಲ, ಅದಕ್ಕೇ ಊಹೆ ಮಾಡಿದ್ರು. ಆ ಊಹೆಯ ಬಿಲ್ ನಾನು ಕಟ್ಟಿದೆ.

ಪ್ಲೇಟ್ ಬಿಚ್ಚಿ, ಒಳಗಿನ ತೆಳು ವಾಷರ್ ಒಂದನ್ನ ತೆಗೆದು, ಮತ್ತೆ ಕೂರಿಸಿ ಅಳೆದ್ರು. ಎಸಿ ಒತ್ತಿದೆ. ಟಕ್! ಮಜೂರಿ 300 ರೂಪಾಯಿ.

ನೀವು ಗ್ಯಾರೇಜಿಗೆ ಹೋದ್ರೆ ಎರಡೇ ಮಾತು ಕೇಳ್ರಿ. ‘ಕ್ಲಚ್‌ಗೆ ಕರೆಂಟ್ ಬರ್ತದೇನು? ಸಂದು ಎಷ್ಟದ?’ ಉತ್ತರ ಇಲ್ಲದೆ ‘ಕಂಪ್ರೆಸರ್ ಬದಲಿಸ್ರಿ’ ಅಂದ್ರೆ ರೊಕ್ಕ ತೆಗೀಬ್ಯಾಡ್ರಿ. ಮತ್ತೆ ಗಾಡಿ ಯಾವ ಹೊತ್ತಿಗೆ ಕೆಡ್ತದೋ ಅದೇ ಹೊತ್ತಿಗೆ ಒಯ್ಯಿರಿ. ನಡೀತಿರೋ ಎಂಜಿನ್ನಿನ ಬೆಲ್ಟ್ ಹತ್ರ ಮಾತ್ರ ಕೈ, ಓಢಣಿ ಒಯ್ಯಬ್ಯಾಡ್ರಿ.

ಹೋದ ವಾರ ಅವ್ವ ಮತ್ತೆ ಜೇವರ್ಗಿಗೆ ಬಂದ್ರು, ಮಧ್ಯಾಹ್ನದ ಬಿಸಿಲಾಗೇ. ಅರ್ಧ ದಾರಿಗೆ, ‘ಸ್ವಲ್ಪ ಕಡಿಮಿ ಮಾಡೋ, ಚಳಿ ಆಗ್ತದ’ ಅಂದ್ರು. ನಾನು ಕಡಿಮೆ ಮಾಡಿದೆ.

ಮತ್ತೆ ಸಿಗೋಣ್ರಿ. ಶರಣು.