ಕನ್ನಡ ಪುಟ ಕೇಳುವವರು ಇದ್ದಾರೆಯೇ?

(ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರ ಸಭೆಯಲ್ಲಿ ಮಾಡಿದ ಭಾಷಣ)



“ನಿಮ್ಮ ಕನ್ನಡ ಪುಟವನ್ನು ಯಾರು ನೋಡುತ್ತಾರೆ ಮಾಷ್ಟ್ರೇ?” ಎಂಬ ಮಾತನ್ನು ಗಡಿನಾಡಿನ ನಾವೆಲ್ಲರೂ ಕೇಳಿದ್ದೇವೆ. ಇದಕ್ಕೆ ಸಿಟ್ಟಿನ ಉತ್ತರ ಬೇಡ, ಲೆಕ್ಕದ ಉತ್ತರ ಬೇಕು. ಆ ಲೆಕ್ಕ ಶಾಲೆಯ ಜಾಲತಾಣ ಇರುವ ಸರ್ವರ್‌ನಲ್ಲೇ ಇದೆ.

ಅಪಾಚೆಯಂತಹ ಸರ್ವರ್, ತನಗೆ ಬಂದ ಪ್ರತಿಯೊಂದು ಕೋರಿಕೆಯನ್ನೂ ಲಾಗ್ ಎಂಬ ಕಡತದಲ್ಲಿ ಒಂದೊಂದು ಸಾಲಾಗಿ ಬರೆದಿಡುತ್ತದೆ. ನಮ್ಮ ಹಾಜರಿ ಪುಸ್ತಕವಿದ್ದ ಹಾಗೆ. ಕೇಳಿದವರ ಐಪಿ ವಿಳಾಸ, ವೇಳೆ, ಕೇಳಿದ ಪುಟ, ಉತ್ತರದ ಸಂಖ್ಯೆ ಅಲ್ಲಿರುತ್ತವೆ. 200 ಎಂದರೆ ಪುಟ ಸಿಕ್ಕಿತು. 404 ಎಂದರೆ ಸಿಗಲಿಲ್ಲ. 500 ಎಂದರೆ ಸರ್ವರೇ ಎಡವಿತು.

ಕೇರಳದ ಶಾಲೆಗಳಲ್ಲಿ ಲಿನಕ್ಸ್ ಬಳಕೆಯಲ್ಲಿರುವುದರಿಂದ ಕಾಸರಗೋಡಿನವರಿಗೆ ಟರ್ಮಿನಲ್ ಹೊಸದಲ್ಲ. ಸರ್ವರ್ ನೋಡಿಕೊಳ್ಳುವವರ ಅನುಮತಿ ಪಡೆದು, ಅಲ್ಲಿ ‘ಟೇಲ್’ ಎಂದು ಬರೆದು, ಮೈನಸ್ ಚಿಹ್ನೆಯೊಡನೆ ದೊಡ್ಡ ಎಫ್, ಬಳಿಕ ಲಾಗ್ ಕಡತದ ಹೆಸರು ಕೊಡಿ. ಕೋರಿಕೆ ಬಂದಂತೆಲ್ಲ ಹೊಸ ಸಾಲು ಕಣ್ಣೆದುರೇ ಮೂಡುತ್ತದೆ. ಚಿಕ್ಕ ಎಫ್ ಕೂಡ ನಡೆಯುತ್ತದೆ. ಆದರೆ ಹಳೆಯ ಲಾಗನ್ನು ಬದಿಗಿಟ್ಟು ಹೊಸದನ್ನು ತೆರೆದಾಗ ಅದು ಹಳೆಯದನ್ನೇ ಕಾಯುತ್ತ ಕೂರುತ್ತದೆ. ಯಾರೂ ಬರುತ್ತಿಲ್ಲವೆಂದು ನಾವು ಮೋಸಹೋಗುತ್ತೇವೆ. ನೋಡಿದ್ದು ಸಾಕಾದರೆ ಕಂಟ್ರೋಲ್ ಮತ್ತು ಸಿ ಒತ್ತಿ. ನಿಲ್ಲುವುದು ನಮ್ಮ ನೋಟ ಮಾತ್ರ, ಸರ್ವರ್ ಅಲ್ಲ.

ಕಡತಕ್ಕೆ ಕನ್ನಡದಲ್ಲೇ ಹೆಸರಿಟ್ಟಿದ್ದರೆ ಲಾಗಿನಲ್ಲಿ ಅದು ಕನ್ನಡವಾಗಿ ಕಾಣುವುದಿಲ್ಲ. ‘ಕ’ ಅಕ್ಷರ %ಇ0%ಬಿ2%95 ಎಂದಾಗುತ್ತದೆ. ಇಲ್ಲಿನ ಇ, ಬಿ ಎಂಬವು ಇಂಗ್ಲಿಷಿನ ಅಕ್ಷರಗಳು. ನಮ್ಮ ಸ್ವರ ವ್ಯಂಜನಗಳೆಲ್ಲ %ಇ0%ಬಿ2 ಎಂದೇ ಆರಂಭವಾಗುತ್ತವೆ. ಆದ್ದರಿಂದ ಅದೇ ಆದೇಶದ ಮುಂದೆ ಪೈಪ್ ಗೆರೆ ಎಳೆದು, ‘ಗ್ರೆಪ್’ ಬರೆದು ಈ ಗುರುತು ಕೊಟ್ಟರೆ, ಅದಿರುವ ಸಾಲುಗಳು ಮಾತ್ರ ಉಳಿಯುತ್ತವೆ.

ಒಮ್ಮೆ ವಿದ್ಯಾರ್ಥಿವೇತನದ ಅರ್ಜಿಗೆ ಎರಡೇ ದಿನ ಉಳಿದಿತ್ತು. ಪೋಷಕರೆಲ್ಲ ಬೇರೆ ಭಾಷೆಯ ನಮೂನೆಯನ್ನೇ ತುಂಬಿ ತರುತ್ತಿದ್ದರು. “ನೋಡಿ, ಕನ್ನಡದ್ದು ಯಾರಿಗೂ ಬೇಡ” ಎಂದರು ಒಬ್ಬರು. ಆ ಸಂಜೆ ಲಾಗ್ ನೋಡುತ್ತ ಕುಳಿತೆ. ಕನ್ನಡ ನಮೂನೆಗಾಗಿ ಕೋರಿಕೆಗಳು ಬರುತ್ತಲೇ ಇದ್ದವು. ಪ್ರತಿಯೊಂದರ ಎದುರೂ 404! ಕೊಂಡಿಯ ಹೆಸರಿನಲ್ಲಿ ನಾನೇ ಒಂದು ದೀರ್ಘ ಬಿಟ್ಟಿದ್ದೆ. ತಿದ್ದಿದ ಸ್ವಲ್ಪ ಹೊತ್ತಿಗೆ ಮೊದಲ 200 ಬಂತು. ಕೇಳುವವರಿದ್ದರು, ಕೊಡುವಲ್ಲಿ ನಾವು ತಪ್ಪಿದ್ದೆವು.

ಎರಡು ಎಚ್ಚರಿಕೆಗಳು. ಒಂದು ಸಾಲು ಒಬ್ಬ ಓದುಗನಲ್ಲ. ಪುಟದ ಚಿತ್ರಗಳಿಗೂ ಬೇರೆ ಬೇರೆ ಸಾಲು ಬೀಳುತ್ತದೆ, ಹುಡುಕುಯಂತ್ರಗಳೂ ಬಂದುಹೋಗುತ್ತವೆ. ಉಬ್ಬಿಸಿದ ಲೆಕ್ಕ ಕೊಟ್ಟರೆ ನಾಳೆ ನಮ್ಮ ನಿಜವಾದ ಲೆಕ್ಕವನ್ನೂ ಯಾರೂ ನಂಬರು. ಎರಡನೆಯದು, ಐಪಿ ವಿಳಾಸದ ಹಿಂದೆ ಒಂದು ಮನೆಯಿರಬಹುದು. ಅದನ್ನು ಯಾರಿಗೂ ಹಂಚಬೇಡಿ.

ಬಂಧುಗಳೇ, ಮನವಿ ಬರೆಯುವುದು ನಮಗೆ ಅಭ್ಯಾಸವಾಗಿದೆ. ಅದರ ಜತೆಗೆ ಇಂತಹ ಲೆಕ್ಕವನ್ನೂ ಇಡೋಣ. ಈ ತಿಂಗಳು ಒಂದು ಸಂಜೆ ನಿಮ್ಮ ಶಾಲೆಯ ಲಾಗನ್ನು ನೀವೇ ನೋಡಿ. 404 ಕಂಡರೆ ಮೊದಲು ಅದನ್ನು ಸರಿಪಡಿಸಿ. ಆ ಕಡೆ ಒಂದು ಮಗು ಕಾಯುತ್ತಿರಬಹುದು.