ಕಸುಬು ಕಲಿಸಿದ ಸಂಘ
(ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಆಮೇಲೆ ಹೋಟೆಲಿನ ಮೋರಿ, ಟೇಬಲ್ಲು, ಗಲ್ಲಾ. ಈಗ ಈ ಸಂಘ. ಪಂಡಿತರ ಹಾಗೆ ಮಾತನಾಡಲು ನನಗೆ ಬಾರದು. ಆದರೂ ನಮಗೆಲ್ಲ ಸೇರಿದ ಒಂದು ಪ್ರಶ್ನೆಯಿದೆ. ಕಷ್ಟದಲ್ಲಿದ್ದವನಿಗೆ ಒಂದು ಹೊತ್ತಿನ ಊಟ ಹಾಕುವುದು ಮೇಲೋ, ಒಂದು ಕಸುಬು ಕಲಿಸುವುದು ಮೇಲೋ? ಈ ಪ್ರಶ್ನೆಗೆ ಉತ್ತರವಾಗಿ ನೂರನಲವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದ ಯಹೂದ್ಯರ ಒಂದು ಸಂಸ್ಥೆಯ ಕಥೆಯನ್ನು ತಮ್ಮ ಮುಂದಿಡುತ್ತೇನೆ.

ಅದರ ಹೆಸರು ‘ಓರ್ಟ್’. ಸಂಘ, ಕಸುಬು, ದುಡಿಮೆ ಎಂಬ ಅರ್ಥದ ಮೂರು ರಷ್ಯನ್ ಮಾತುಗಳ ಮೊದಲಕ್ಷರಗಳು. ಅದು ಹುಟ್ಟಿದ್ದು 1880ರಲ್ಲಿ, ಝಾರ್ ದೊರೆಯ ರಾಜಧಾನಿ ಪೀಟರ್ಸ್‌ಬರ್ಗಿನಲ್ಲಿ.

ಆ ಕಾಲದ ರಷ್ಯಾದಲ್ಲಿ ಯಹೂದ್ಯರು ಎಲ್ಲಿ ಬೇಕಾದರಲ್ಲಿ ವಾಸ ಮಾಡುವಂತಿರಲಿಲ್ಲ. ಪಶ್ಚಿಮದ ಕೆಲವು ಪ್ರಾಂತಗಳೇ ಅವರ ಗಡಿ. ಅಲ್ಲಿ ಒಂದು ಬೀದಿಗೆ ಹತ್ತು ದರ್ಜಿಗಳು. ಹೊಲಿಸುವವರು ಮಾತ್ರ ಇಲ್ಲ. 1865ರ ಕಾನೂನು ಒಂದು ಸಣ್ಣ ಬಾಗಿಲು ತೆರೆಯಿತು. ಕಸುಬಿನ ಸರ್ಟಿಫಿಕೇಟು ಇದ್ದವನು ಗಡಿಯಾಚೆ ಹೋಗಿ ನೆಲೆಸಬಹುದು. ಆದರೆ ಆ ಕಸುಬು ಬಿಟ್ಟರೆ ವಾಸದ ಹಕ್ಕೂ ಹೋಯಿತು. ನೋಡಿ, ಸೂಜಿಯೇ ಅಲ್ಲಿ ರಹದಾರಿ!

ನಿಕೊಲಾಯ್ ಬಕ್ಸ್ತ್ ಎಂಬ ಪ್ರೊಫೆಸರು, ರೈಲುದಾರಿ ಕಟ್ಟಿಸಿದ ಸ್ಯಾಮ್ಯುಎಲ್ ಪೊಲ್ಯಾಕೊವ್, ಸಾಹುಕಾರ ಗಿಂಜ್‌ಬರ್ಗ್ ಮೊದಲಾದವರು ಸರಕಾರದ ಅಪ್ಪಣೆ ಪಡೆದು ಊರೂರಿಗೆ ಪತ್ರ ಬರೆದರು. 12 ಸಾವಿರಕ್ಕೂ ಹೆಚ್ಚು ಜನ ಸೇರಿ ಎರಡು ಲಕ್ಷಕ್ಕೂ ಮಿಕ್ಕಿ ರೂಬಲ್ ಕಳಿಸಿದರು. ಕಸುಬಿನ ಶಾಲೆಗಳಿಗೆ ನೆರವು, ಹತಾರ ಕೊಳ್ಳಲು ಸಾಲ, ಗಡಿಯಾಚೆ ಹೋಗುವ ಕಸುಬುದಾರನಿಗೆ ದಾರಿಖರ್ಚು — ಹೀಗೆ ಕೆಲಸ ನಡೆಯಿತು. ಆದರೆ ಸಂಘದ ನಿಯಮಾವಳಿಗೆ ಸರಕಾರ ಒಪ್ಪಿಗೆ ಕೊಡಲಿಲ್ಲ. 1906ರವರೆಗೆ, ಅಂದರೆ 26 ವರ್ಷ, ಅದು ‘ತಾತ್ಕಾಲಿಕ ಸಮಿತಿ’ಯಾಗಿಯೇ ಉಳಿಯಿತು. ನಮ್ಮಲ್ಲೂ ‘ಟೆಂಪರರಿ’ ಎಂದೇ ವರ್ಷಗಟ್ಟಲೆ ದುಡಿದವರಿದ್ದಾರೆ. ಅವರಿಗೆ ಇದು ಚೆನ್ನಾಗಿ ಅರ್ಥವಾದೀತು.

ಆಮೇಲೆ ಹೊಸಬರು ಬಂದರು. ಅವರಲ್ಲಿ ಲಿಯೋನ್ ಬ್ರಾಮ್ಸನ್ ಮುಖ್ಯರು. ವಕೀಲರು, 1906ರ ಮೊದಲನೆಯ ರಷ್ಯನ್ ಶಾಸನಸಭೆಯ ಸದಸ್ಯರು. ದೊಡ್ಡವರು ಕೈಯೆತ್ತಿ ಕೊಡುವ ದಾನ ಸಾಲದು, ಕಸುಬುದಾರರೇ ಒಟ್ಟಾಗಬೇಕು ಎಂಬುದು ಈ ಹೊಸಬರ ದಾರಿ. ಸಹಕಾರಿ ಸಂಘ, ಕೆಲಸ ಹುಡುಕಿಕೊಡುವ ಕಚೇರಿ, ದೊಡ್ಡವರಿಗೂ ತರಗತಿ ಬಂದವು. ಮೊದಲನೆಯ ಮಹಾಯುದ್ಧದಲ್ಲಿ ಮನೆಮಠ ಕಳೆದುಕೊಂಡವರಿಗೂ ಅವರು ದುಡಿಮೆಯ ಮೂಲಕವೇ ನೆರವು ಕೊಟ್ಟರು. 1921ರಲ್ಲಿ ಬರ್ಲಿನಿನಲ್ಲಿ ಜಾಗತಿಕ ಒಕ್ಕೂಟವಾಯಿತು.

ಬಂಧುಗಳೇ, ಇಲ್ಲಿಂದ ಮುಂದೆ ಕಥೆ ಕಠಿಣ. 1933ರಲ್ಲಿ ಹಿಟ್ಲರ್ ಬಂದ. ಕಚೇರಿ ಪ್ಯಾರಿಸ್ಸಿಗೆ ಹೋಯಿತು. ಬರ್ಲಿನಿನ ಓರ್ಟ್ ಶಾಲೆಯಿಂದ ನೂರರಷ್ಟು ಹುಡುಗರನ್ನು 1939ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಸಾಗಿಸಿದರು. ಉಳಿದವರು ಹೊರಡುವ ಮೊದಲೇ ಯುದ್ಧ ಬಂತು.

ಲಿಥುವೇನಿಯಾದ ಕೋವ್ನೋ ಊರಿನ ಯಹೂದ್ಯರನ್ನು ನಾತ್ಸಿಗಳು ಮುಳ್ಳುತಂತಿಯೊಳಗೆ ಕೂಡಿಹಾಕಿದ್ದರು. ಅಲ್ಲಿ ಯಾಕೋಬ್ ಒಲೈಸ್ಕಿ ಎಂಬ ಓರ್ಟಿನ ಮುಖ್ಯಸ್ಥರು 1942ರಲ್ಲಿ ಕಸುಬಿನ ಶಾಲೆ ನಡೆಸಿದರು. ಉಳಿದ ಶಾಲೆಗಳನ್ನು ನಾತ್ಸಿಗಳು ಮುಚ್ಚಿದರೂ ಇದನ್ನು ಬಿಟ್ಟರು. ದುಡಿಯುವ ಕೈ ಅವರಿಗೆ ಬೇಕಿತ್ತು. ಬಡಗಿ ಕೆಲಸದ ಮರೆಯಲ್ಲಿ ಅಕ್ಷರವೂ ನಡೆಯಿತು. ಆದರೆ 1944ರ ಮಾರ್ಚಿನಲ್ಲಿ ಎರಡೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನೂ ಮುದುಕರನ್ನೂ ಎಳೆದೊಯ್ದು ಕೊಂದರು.

ಒಲೈಸ್ಕಿಯವರು ಜರ್ಮನಿಯ ಡಾಖಾವ್ ಶಿಬಿರದ ಯಾತನೆಯನ್ನೂ ದಾಟಿ ಬದುಕುಳಿದರು. ಬಿಡುಗಡೆಯಾದ 1945ರಲ್ಲೇ, ಲ್ಯಾಂಡ್ಸ್‌ಬರ್ಗಿನ ನಿರಾಶ್ರಿತರ ಶಿಬಿರದಲ್ಲಿ, ಮತ್ತೆ ಕಸುಬಿನ ಶಾಲೆ ತೆರೆದರು. ಮೈಯಲ್ಲಿ ಮೂಳೆ ಮಾತ್ರ ಉಳಿದ ಜನ ಮತ್ತೆ ಅರ, ಸುತ್ತಿಗೆ, ಕತ್ತರಿ ಹಿಡಿದರು. ಅಂಥ ಶಾಲೆಗಳು ಬೇರೆ ಶಿಬಿರಗಳಲ್ಲೂ ಎದ್ದವು.

ಈ ಸಂಸ್ಥೆ ನಮ್ಮ ಮುಂಬಯಿಗೂ ಬಂದಿದೆ. ಕೊಂಕಣದಲ್ಲಿ ಎಣ್ಣೆಗಾಣ ನಡೆಸುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎನಿಸಿಕೊಂಡ ಬೆನೆ ಇಸ್ರಾಯೇಲ್ ಯಹೂದ್ಯರ ಮಕ್ಕಳಿಗಾಗಿ 1960ರ ದಶಕದಲ್ಲಿ ಓರ್ಟ್ ಇಲ್ಲಿ ಕಸುಬಿನ ಶಾಲೆ ತೆರೆಯಿತು.

ಇದರಿಂದ ನಾವು ತಿಳಿಯಬೇಕಾದ್ದೇನು? ಕಸುಬಿದ್ದರೆ ಸಾಕು ಎಂದು ನಾನು ಹೇಳಲಾರೆ. ಕೋವ್ನೋದ ಮಕ್ಕಳ ಕೈಯಲ್ಲಿ ಕಸುಬಿತ್ತು; ತಲೆಯ ಮೇಲೆ ನ್ಯಾಯವಿರಲಿಲ್ಲ. 1982ರ ಮುಷ್ಕರದ ತರುವಾಯ ಗಿರಣಿಗಳು ಮುಚ್ಚಿದಾಗ ಮಗ್ಗ ಬಲ್ಲ ಸಾವಿರಾರು ಕೈಗಳು ಬರಿದಾದದ್ದನ್ನು ಇಲ್ಲಿ ಕೂತ ಹಿರಿಯರು ಕಂಡಿದ್ದಾರೆ. ಕಸುಬಿಲ್ಲದ ಹಕ್ಕು ಬರಿಯ ಕಾಗದ. ಹಕ್ಕಿಲ್ಲದ ಕಸುಬು ಪರರ ಪಾಲು. ಎರಡೂ ಬೇಕು.

ಆದುದರಿಂದ ನನ್ನದೊಂದು ಬಿನ್ನಹ. ಲೋಟ ತೊಳೆಯುವ ಹುಡುಗನಿಗೆ ಹಬ್ಬಕ್ಕೆ ಅಂಗಿ ಕೊಡಿಸುತ್ತೇವೆ, ಸಂತೋಷ. ಅದರ ಜತೆಗೆ ಅವನು ವಾರಕ್ಕೆ ಎರಡು ರಾತ್ರಿ ವಿದ್ಯುತ್ ಕೆಲಸವನ್ನೋ ಯಂತ್ರ ರಿಪೇರಿಯನ್ನೋ ಕಲಿಯಲಿ. ಫೀಸನ್ನೂ ಹತಾರದ ಪೆಟ್ಟಿಗೆಯನ್ನೂ ನಾವು ಸೇರಿ ಕೊಡೋಣ. ದುಡಿಯತೊಡಗಿದ ಮೇಲೆ ಆ ಹಣವನ್ನು ಅವನು ಮುಂದಿನ ಹುಡುಗನಿಗಾಗಿ ಹಿಂತಿರುಗಿಸಲಿ. ಎಷ್ಟು ಜನ ಸಿದ್ಧರಿದ್ದೀರಿ? ಕೈಯೆತ್ತಿ, ಹೆಸರು ಬರೆದುಕೊಳ್ಳುತ್ತೇನೆ.