ಗುತ್ತಿಗೆದಾರರೂ ಪ್ರಚಾರವೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಕೇಳದವರಿಲ್ಲ. ಅದು ಹೇಳುವುದು ಮನೆಯ ಯಜಮಾನನ ಪಾಡನ್ನು. ಆ ಮನೆಯನ್ನು ಕಟ್ಟಿಕೊಡುವ ಗುತ್ತಿಗೆದಾರನ ಪಾಡನ್ನು ಗಾದೆ ಮಾಡಿದವರು ಮರೆತರು. ಯಜಮಾನ ಜೀವಮಾನದಲ್ಲಿ ಒಂದು ಮನೆ ಕಟ್ಟಿಸಿ ನಿಟ್ಟುಸಿರು ಬಿಡುತ್ತಾನೆ. ಗುತ್ತಿಗೆದಾರನಾದರೋ ಒಂದು ಮನೆ ಮುಗಿಯುವುದರೊಳಗೆ ಇನ್ನೊಂದನ್ನು ಹುಡುಕಿಕೊಳ್ಳಬೇಕು. ಈ ಹುಡುಕಾಟವನ್ನು ಹೇಗೆ ನಡೆಸಿದರೆ ಚೆನ್ನು, ಅದರಿಂದ ಮನೆ ಕಟ್ಟಿಸುವ ನಮಗೇನು ಎಂಬ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ನಮ್ಮ ಊರುಗಳ ಒಬ್ಬ ಸಾಧಾರಣ ಗುತ್ತಿಗೆದಾರರನ್ನು ಮನಸ್ಸಿಗೆ ತಂದುಕೊಳ್ಳಿ. ಕೈಯಲ್ಲಿ ಎರಡು ಮನೆಗಳ ಕೆಲಸವಿದೆ. ಗಾರೆಯವರು, ಸೆಂಟ್ರಿಂಗಿನವರು, ಕಂಬಿ ಕಟ್ಟುವವರು ಸೇರಿ ಹದಿನೈದು ಮಂದಿ ಆಳುಗಳಿದ್ದಾರೆ. "ನಿಮ್ಮ ಹೆಸರು ನಾಲ್ಕು ಜನಕ್ಕೆ ತಿಳಿಯುವಂತೆ ಮಾಡಬಾರದೆ?" ಎಂದರೆ, "ಇರುವ ಕೆಲಸಕ್ಕೇ ಪುರುಸೊತ್ತಿಲ್ಲ ಸ್ವಾಮಿ" ಎನ್ನುತ್ತಾರೆ. ಮಾತು ನಿಜವೇ. ಆದರೆ ಎರಡು ಮನೆಗಳೂ ಒಟ್ಟಿಗೆ ಮುಗಿಯುತ್ತವೆ. ಮಳೆ ಹಿಡಿಯುತ್ತದೆ, ಹಿಂದೆಯೇ ಆಷಾಢ ಬರುತ್ತದೆ. ಆಷಾಢದಲ್ಲಿ ಪಾಯ ಹಾಕಿಸುವವರು ಕಡಿಮೆ. ಆಗ ಅವರಿಗೆ ಪ್ರಚಾರದ ನೆನಪಾಗುತ್ತದೆ. ಕರಪತ್ರ ಅಚ್ಚು ಹಾಕಿಸಿ ದಿನಪತ್ರಿಕೆಯೊಳಗೆ ಇಟ್ಟು ಹಂಚಿಸುತ್ತಾರೆ. ಪರಿಚಯದವರಿಗೆಲ್ಲ ಮೊಬೈಲಿನಲ್ಲಿ ಸಂದೇಶ ಕಳಿಸುತ್ತಾರೆ. ಇದು ಬಾಯಾರಿದಾಗ ಬಾವಿ ತೋಡಿದ ಹಾಗೆ. ಕರಪತ್ರ ಓದಿದವನು ಮರುದಿನವೇ ಮನೆ ಕಟ್ಟಿಸಲಾರ. ನಿವೇಶನದ ಕಾಗದಪತ್ರ, ನಕ್ಷೆ, ಪರವಾನಗಿ, ಬ್ಯಾಂಕಿನ ಸಾಲ ಇವೆಲ್ಲ ಒದಗಲು ತಿಂಗಳುಗಳು ಬೇಕು.

ಅಷ್ಟರವರೆಗೆ ಆಳುಗಳು ಕಾಯುವರೇ? ಒಳ್ಳೆಯ ಮೇಸ್ತ್ರಿ ಬೇರೆ ಊರಿಗೆ ಹೋಗುತ್ತಾನೆ. ಸಿಮೆಂಟಿನ ಅಂಗಡಿಯ ಬಾಕಿ ಕಾಡುತ್ತದೆ. ಕೊನೆಗೆ ಗಿಟ್ಟದ ದರಕ್ಕೆ ಒಂದು ಕೆಲಸ ಒಪ್ಪಿಕೊಂಡು, ಅದರ ಮುಂಗಡದಲ್ಲಿ ಹಿಂದಿನ ಸಾಲ ತೀರಿಸುತ್ತಾರೆ. ಇನ್ನು ಈ ಹೊಸ ಮನೆಗೆ ಬೇಕಾದ ಹಣವೆಲ್ಲಿಂದ ಬರಬೇಕು? ಮಿಗಿಸುವ ದಾರಿಗಳು ಆಗ ಹೊಳೆಯುತ್ತವೆ. ನಮ್ಮ ದೇಶದ ಕಾಂಕ್ರೀಟ್ ನಿಯಮಸಂಹಿತೆಯಾದ ಐ.ಎಸ್. 456, ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಬೇಕೆನ್ನುತ್ತದೆ. ನಾಲ್ಕೂವರೆ ಮೀಟರಿಗಿಂತ ಹೆಚ್ಚು ಅಗಲಕ್ಕೆ ಹಾಸಿದ ತಾರಸಿಯ ಆಸರೆಗಂಬಗಳನ್ನು ಸಾಮಾನ್ಯವಾಗಿ 14 ದಿನಕ್ಕೆ ಮೊದಲು ತೆಗೆಯಕೂಡದು. ಕೈಯಲ್ಲಿ ಕಾಸಿಲ್ಲದವನಿಗೆ ಬಾಡಿಗೆಯ ಸೆಂಟ್ರಿಂಗ್ ಸಾಮಾನನ್ನು ಅಷ್ಟು ದಿನ ಇಟ್ಟುಕೊಳ್ಳುವುದೇ ಭಾರ. ಹೀಗೆ, ಕೆಲಸ ಹುಡುಕುವುದರಲ್ಲಿ ಅವನು ಮಾಡಿದ ತಪ್ಪು ನಮ್ಮ ತಲೆಯ ಮೇಲಿನ ತಾರಸಿಗೆ ಬರುತ್ತದೆ.

ಪ್ರಚಾರವೆಂದರೆ ಒಂದು ದಿನದ ತಮಟೆಯಲ್ಲ. ರೇಡಿಯೋ ಕೇಳುವವರಿಗೆ ಇದನ್ನು ವಿವರಿಸುವುದು ಸುಲಭ. 1952ರಲ್ಲಿ ರೇಡಿಯೋ ಸಿಲೋನಿನಲ್ಲಿ ಬಿನಾಕಾ ಗೀತಮಾಲಾ ಆರಂಭವಾಯಿತು. ವಾರವಾರವೂ ಅದೇ ಬುಧವಾರ, ಅಮೀನ್ ಸಯಾನಿಯವರ ಅದೇ ಕಂಠ. ವರ್ಷಗಟ್ಟಲೆ ಹೀಗೆ ನಡೆದದ್ದರಿಂದ, ಹಾಡಿನೊಡನೆ ಒಂದು ಟೂತ್ ಪೇಸ್ಟಿನ ಹೆಸರೂ ಜನರ ನಾಲಗೆಯ ಮೇಲೆ ನಿಂತಿತು. ಒಂದೇ ವಾರ ಎಷ್ಟು ಕೂಗಿದ್ದರೂ ಆ ಫಲ ಸಿಕ್ಕುತ್ತಿರಲಿಲ್ಲ.

ಗುತ್ತಿಗೆದಾರನಿಗೆ ಅಷ್ಟು ದೊಡ್ಡ ಏರ್ಪಾಡು ಬೇಡ. ವರ್ಷಕ್ಕೊಂದು ಪಂಚಾಂಗ ಸಾಕು. ತಾರಸಿ ಸೋರದಂತೆ ಮಾಡುವ ಕೆಲಸವನ್ನು ಯುಗಾದಿಯ ಸುಮಾರಿನಲ್ಲೇ ಜನರಿಗೆ ನೆನಪಿಸಬೇಕು. ಜೂನಿನ ಮಳೆಯಲ್ಲಿ ನೆನಪಿಸಿ ಫಲವಿಲ್ಲ. ದಸರಾ ದೀಪಾವಳಿಗೆ ಸುಣ್ಣಬಣ್ಣ ಮಾಡಿಸುವವರಿಗೆ ಶ್ರಾವಣದಲ್ಲಿ ಹೇಳಬೇಕು. ಮಳೆ ಕಳೆದ ಮೇಲೆ ಪಾಯ ಹಾಕಿಸಬೇಕೆನ್ನುವವರನ್ನು ಬೇಸಗೆಯಲ್ಲೇ ಕಂಡು, ನಕ್ಷೆ ಅಂದಾಜುಗಳನ್ನು ಆಷಾಢದ ಬಿಡುವಿನಲ್ಲಿ ಸಿದ್ಧಮಾಡಿಕೊಡಬಹುದು. ಬಿಲ್ಲಿನ ಸಾವಿರಕ್ಕೆ ಹತ್ತು ರೂಪಾಯಿ ಎತ್ತಿಟ್ಟರೂ 20 ಲಕ್ಷದ ಮನೆಗೆ 20,000 ರೂಪಾಯಿ ಆಗುತ್ತದೆ. ಅದನ್ನು ಒಂದೇ ತಿಂಗಳಲ್ಲಿ ಸುರಿಯದೆ ಹನ್ನೆರಡು ತಿಂಗಳಿಗೂ ಹಂಚಬೇಕು. ಕೆಲಸ ನಡೆಯುವ ಕಡೆಯಲ್ಲೆಲ್ಲ ಅದೇ ಹೆಸರು, ಅದೇ ಬಣ್ಣದ ಹಲಗೆ ಇರಲಿ. ವಿಚಾರಿಸಲು ಬಂದ ಪ್ರತಿಯೊಬ್ಬರನ್ನೂ "ನಮ್ಮ ಹೆಸರು ಯಾರಿಂದ ತಿಳಿಯಿತು?" ಎಂದು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಲಿ. ವರ್ಷದ ಕೊನೆಗೆ ಯಾವ ಖರ್ಚು ದಂಡ, ಯಾವುದು ದುಡಿಯಿತು ಎಂಬುದನ್ನು ಆ ಪುಸ್ತಕವೇ ಹೇಳುತ್ತದೆ.

ಎಲ್ಲಕ್ಕಿಂತ ಅಗ್ಗವಾದ ಪ್ರಚಾರ ಇನ್ನೊಂದುಂಟು. ಕಟ್ಟಿಕೊಟ್ಟ ಮನೆಗೆ ಮೊದಲ ಮಳೆಗಾಲದಲ್ಲಿ ತಾನಾಗಿಯೇ ಹೋಗಿ, "ಎಲ್ಲಿಯಾದರೂ ಸೋರುತ್ತದೆಯೇ ಅಮ್ಮ?" ಎಂದು ಕೇಳುವುದು. ಹಣವೆಲ್ಲ ಸಂದ ಮೇಲೆಯೂ ಬಂದು ವಿಚಾರಿಸಿದ ಗುತ್ತಿಗೆದಾರನನ್ನು ಆ ಮನೆಯಾಕೆ ಮರೆಯುವುದಿಲ್ಲ. ನೆಂಟರಲ್ಲಿ ಯಾರು ಮನೆಯ ಮಾತೆತ್ತಿದರೂ ಅವನ ಹೆಸರನ್ನೇ ಹೇಳುತ್ತಾಳೆ.

ಹೇಳುವ ಮಾತು ನಿಜವಾಗಿರಬೇಕೆಂಬುದು ಈಗ ಬರಿಯ ನೀತಿಯಲ್ಲ, ಕಾನೂನು. ರೇರಾ ಎಂದು ಹೆಸರಾದ 2016ರ ಕಾಯಿದೆಯ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಯೋಜನೆಯನ್ನು ನೋಂದಾಯಿಸದೆ ಅದರ ಜಾಹೀರಾತು ಕೊಡುವಂತಿಲ್ಲ. ನಮ್ಮ ನಿವೇಶನದಲ್ಲಿ ನಮಗಾಗಿ ಮನೆ ಕಟ್ಟಿಕೊಡುವ ಸಣ್ಣ ಗುತ್ತಿಗೆದಾರ ಅದಕ್ಕೆ ಸೇರದಿರಬಹುದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಗೃಹನಿರ್ಮಾಣವನ್ನೂ ಸೇವೆಯೆಂದೇ ಎಣಿಸಿದೆ, ದಾರಿತಪ್ಪಿಸುವ ಜಾಹೀರಾತನ್ನೂ ತಡೆದಿದೆ.

ಕೊನೆಯದಾಗಿ ಮನೆ ಕಟ್ಟಿಸುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಕೆಲಸವಿಲ್ಲದೆ ಬಾಗಿಲಿಗೆ ಬಂದವನನ್ನು ಹಿಂಡಿ ದರ ಇಳಿಸುವುದು ಜಾಣತನವೆಂದು ತೋರಬಹುದು. ಹಾಗೆ ಉಳಿಸಿದ ಹಣವನ್ನು ತಾರಸಿ ಸೋರಿದಾಗ ಬಡ್ಡಿ ಸಮೇತ ತೆರಬೇಕಾಗುತ್ತದೆ. ಅದರ ಬದಲು, ಹಿಂದೆ ಕಟ್ಟಿದ ಎರಡು ಮನೆಗಳನ್ನು ತೋರಿಸೆಂದು ಕೇಳಿ. ಅಲ್ಲಿ ವಾಸವಾಗಿರುವವರನ್ನು ಮಾತನಾಡಿಸಿ. ಧೈರ್ಯವಾಗಿ ಕರೆದುಕೊಂಡು ಹೋಗಿ ತೋರಿಸುವವನಿಗೆ ನ್ಯಾಯವಾದ ದರ ಕೊಟ್ಟರೆ ನಷ್ಟವಿಲ್ಲ.